ಸಣ್ಣಾಗೂ ಗುಳಿಗಿಗೂ ಡಾಕ್ಟರ್ ಚೀಟಿ ಬೇಕು

ಬಿ.ಪಿ. ಗುಳಿಗಿ ತರಾಕ ಹೋದ್ರ ಔಷಧಿ ಅಂಗಡಿಯಂವ "ಚೀಟಿ ಎಲ್ಲೈತ್ರಿ ಅಕ್ಕಾರ?" ಅಂತ ಕೇಳ್ತಾನ. ಕೇಳಬೇಕು, ಅದು ಅವನ ಕೆಲಸ. ಅದೇ ಅಂಗಡಿ ಕೌಂಟರ್ ಮ್ಯಾಲೆ, ಕೈಗೆ ಸಿಗೂ ಹಂಗ, ಸಣ್ಣ ಸೊಂಟದ ಹುಡುಗಿ ಚಿತ್ರ ಹಾಕಿದ್ದೊಂದು ಡಬ್ಬಿ ಇಟ್ಟಿರ್ತಾನ. ಅದಕ್ಕ ಚೀಟಿ ಬ್ಯಾಡ. ನಿಮಗ ಬಿ.ಪಿ. ಐತೇನು, ಶುಗರ್ ಐತೇನು, ಕೂಸಿಗೆ ಹಾಲು ಕುಡಸ್ತೀರೇನು, ಏನೂ ಕೇಳಂಗಿಲ್ಲ. ರೊಕ್ಕಾ ಕೊಟ್ರ ಮುಗೀತು.

ಅಂಗಡಿಯೊಳಗ ಅಷ್ಟ ಅಲ್ಲ. ಜಿಮ್ಮಿನ್ಯಾಗ ಐತಿ, ಪಾರ್ಲರಿನ್ಯಾಗ ಐತಿ, ಮೊಬೈಲಿನ್ಯಾಗ ಒತ್ತಿದ್ರ ಎರಡು ದಿನದಾಗ ಬಾಗಲಕ್ಕ ಬಂದು ಬೀಳ್ತೈತಿ. ಮುಂಜಾನೆ ವಾಕಿಂಗಿಗೆ ಹೋದಲ್ಲಿ "ಪುಕ್ಕಟೆ ತೂಕ ನೋಡ್ತೇವ್ರಿ" ಅಂತ ಮಷೀನು ಇಟ್ಕೊಂಡು ಕುಂತಿರ್ತಾರ. ಕಡೀಕ ನಮ್ಮ ಬಾಜೂ ಮನಿ ವೈನಿ ಚೀಲದಾಗೂ ಐತಿ. ಅರಿಷಿಣ ಕುಂಕುಮಕ್ಕ ಕರದು, ಉಡಿ ತುಂಬಿ, ಆಮ್ಯಾಲೆ ಮೆಲ್ಲಕ ಡಬ್ಬಿ ತಗೀತಾರ.

ನಾನು ಹೇಳೂದು ಒಂದ ಮಾತು. ತೂಕ ಇಳಸ್ತೇನಿ ಅಂತ ಹೇಳಿ ಮಾರೂ ಗುಳಿಗಿ, ಪುಡಿ, ಚಹಾ ಯಾವುದ ಇರಲಿ, ಅದನ್ನ ಔಷಧದ ಕಾಯ್ದೆಯೊಳಗ ತರಬೇಕು. ಮೊದಲ ಪರೀಕ್ಷಾ, ಆಮ್ಯಾಲೆ ಡಾಕ್ಟರ್ ಚೀಟಿ, ಆಮ್ಯಾಲೆ ಮಾರಾಟ. ಇದು ಕೆಲವರಿಗೆ ಸಿಟ್ಟು ತರಸ್ತೈತಿ ಅಂತ ಗೊತ್ತೈತಿ. ಇದನ್ನ ಓದವರೊಳಗ ಡಬ್ಬಿ ತಗೊಂಡವರೂ ಅದಾರ, ಮಾರವರೂ ಅದಾರ. ಆದರೂ ಪೂರಾ ಓದ್ರಿ, ಆಮ್ಯಾಲೆ ಬೈಯಾಕ ಮನಿಗೇ ಬರ್ರಿ, ಚಹಾ ಮಾಡಿ ಕೊಡ್ತೇನಿ.

ಡಬ್ಬಿ ಮ್ಯಾಲೆ ಏನು ಬರದೈತಿ

ಒಂದು ಡಬ್ಬಿ ತಗೊಂಡು ಕನ್ನಡಕಾ ಹಾಕ್ಕೊಂಡು ಹಿಂದಿನ ಬಾಜೂ ಓದ್ರಿ. ಸಣ್ಣ ಇಂಗ್ಲಿಷ್ ಅಕ್ಷರದಾಗ "ಔಷಧೀಯ ಬಳಕೆಗೆ ಅಲ್ಲ" ಅಂತ ಇರ್ತೈತಿ. ಅಂದ್ರ ಗುಳಿಗಿ ಹಂಗ ಇದ್ರೂ, ಗುಳಿಗಿ ಹಂಗ ನುಂಗಿದ್ರೂ, ದಿನಕ್ಕ ಎರಡು ಅಂತ ಲೆಕ್ಕ ಹೇಳಿದ್ರೂ, ಕಾಯ್ದೆ ಕಣ್ಣಿಗೆ ಇದು ಆಹಾರ. 2006ರ ಆಹಾರ ಸುರಕ್ಷತಾ ಕಾಯ್ದೆಯೊಳಗ ಇಂಥಾ ಪದಾರ್ಥಕ್ಕ ಜಾಗಾ ಮಾಡಿಕೊಟ್ಟಾರ. 2016ರಾಗ ಇವಕ್ಕಂತ ಬ್ಯಾರೆ ನಿಯಮಾ ಬಂದು, 2018ರ ಜನವರಿ 1ರಿಂದ ಜಾರಿ ಆಗ್ಯಾವ. ನಿಯಮಾ ಇಲ್ಲಂತಲ್ಲ. ಹಾರ್ಮೋನು, ಸ್ಟೀರಾಯ್ಡು ಹಾಕಬ್ಯಾಡ್ರಿ, ಹೇಳಿದ ಪ್ರಮಾಣ ಮೀರಬ್ಯಾಡ್ರಿ ಅಂತೆಲ್ಲಾ ಐತಿ. ಆದ್ರ ಸರ್ಕಾರ ಕೊಟ್ಟ ಪಟ್ಟಿಯೊಳಗಿನ ಸಾಮಾನನ್ನ ಹೇಳಿದ ಪ್ರಮಾಣದಾಗ ಹಾಕಿದ್ರ ಸಾಕು. "ನಮ್ಮ ಡಬ್ಬಿಯಿಂದ ಇಷ್ಟು ಮಂದಿ ಖರೇನ ಸಣ್ಣಾದ್ರು, ಯಾರಿಗೂ ಏನೂ ಆಗಲಿಲ್ಲ" ಅಂತ ಮಂದಿ ಮ್ಯಾಲೆ ಪರೀಕ್ಷಾ ಮಾಡಿ ತೋರಿಸಿದ ಮ್ಯಾಲೇನ ಮಾರಬೇಕು ಅಂತ ಇಲ್ಲ. ಹೊಸಾ ಔಷಧಕ್ಕ ಅದು ಬೇಕ ಬೇಕು.

ಇನ್ನ ಆ 14 ಅಂಕಿ ಲೈಸೆನ್ಸ್ ನಂಬರ್. ಮಾರವರು ಅದನ್ನ ಬಟ್ಟ ಇಟ್ಟು ತೋರಸ್ತಾರ: "ನೋಡ್ರಿ, ಸರ್ಕಾರ ಒಪ್ಪೈತಿ." ಅಂಥಾ ನಂಬರ್ ನಮ್ಮ ಪೇಡೆ ಡಬ್ಬಿ ಮ್ಯಾಲೂ ಐತಿ, ಹಪ್ಪಳದ ಪಾಕೀಟಿನ ಮ್ಯಾಲೂ ಐತಿ. ತಯಾರು ಮಾಡವರು ಯಾರು ಅಂತ ಸರ್ಕಾರದ ಪುಸ್ತಕದಾಗ ಹೆಸರು ಹಚ್ಯಾರ ಅಂತ ಅದರ ಅರ್ಥ. ಪೇಡೆಗೆ ನಂಬರ್ ಐತಿ ಅಂತ ಪೇಡೆ ತಿಂದ್ರ ಶುಗರ್ ಇಳೀತೈತಿ ಅಂತ ಯಾರರ ನಂಬ್ತೀರೇನು?

ಭಾಷಾದ ಮಾತೂ ಹೇಳಬೇಕು. ಲೇಬಲ್ ಮ್ಯಾಲಿನ ವಿವರಾ ಇಂಗ್ಲಿಷ್ ಇಲ್ಲಾ ಹಿಂದಿ ಒಳಗಿದ್ರ ಸಾಕು ಅಂತೈತಿ ನಿಯಮಾ. ಕನ್ನಡ ಅವರಿಗೆ ಮನಸ್ಸಿದ್ರ ಹಾಕಬಹುದು, ಇಲ್ಲಾಂದ್ರ ಬಿಡಬಹುದು. ಹುಬ್ಬಳ್ಳಿಯೊಳಗ ಕನ್ನಡದಾಗ ಜಾಹೀರಾತು ಮಾಡಿ, ಕನ್ನಡದಾಗ ಮಾತಾಡಿ ಮಾರೂ ಸಾಮಾನು ಎಚ್ಚರಿಕಿ ಹೇಳೂ ಹೊತ್ತಿಗೆ ಮಾತ್ರ ಇಂಗ್ಲಿಷ್ ಮಾತಾಡ್ತೈತಿ. ಇದು ಮರೆವಲ್ಲ, ಅನುಕೂಲ.

ಅಡ್ಡಗ್ವಾಡಿ ಮ್ಯಾಲಿನ ದೀಪ

ನಮ್ಮ ದೇಶದಾಗ 1954ರ ಒಂದು ಕಾಯ್ದೆ ಐತಿ. ಔಷಧ ಮತ್ತ ಮಾಂತ್ರಿಕ ಪರಿಹಾರಗಳ ಜಾಹೀರಾತಿಗೆ ತಡಿ ಹಾಕಿದ ಕಾಯ್ದೆ. ಇಂತಿಂಥಾ ರೋಗಾ ವಾಸಿ ಮಾಡ್ತೇವಿ ಅಂತ ಜಾಹೀರಾತು ಕೊಡಬಾರದು ಅಂತ ಅದರಾಗ ಒಂದು ಪಟ್ಟಿ ಐತಿ. ಆ ಪಟ್ಟಿಯೊಳಗ ಬೊಜ್ಜೂ ಐತಿ. ಮೊದಲನೇ ಸಲ ತಪ್ಪು ಮಾಡಿದ್ರ ಆರು ತಿಂಗಳ ತನಕ ಜೈಲು, ಇಲ್ಲಾ ದಂಡ, ಇಲ್ಲಾ ಎರಡೂ. ನಾವು ಹುಟ್ಟೂಕಿಂತ ಮೊದಲ ನಮ್ಮ ಹಿರ್ಯಾರಿಗೆ ಈ ಆಟ ತಿಳಿದಿತ್ತು.

ಹಂಗಿದ್ರ ಇವರು ಹೆಂಗ ಪಾರಾಗ್ತಾರ? "ನಮ್ಮದು ಔಷಧ ಅಲ್ರಿ, ಆಹಾರ" ಅಂತಾರ. ಆಹಾರದ ಕಾಯ್ದೆಯೂ ರೋಗಾ ವಾಸಿ ಮಾಡ್ತೈತಿ ಅಂತ ಹೇಳಾಕ ಬಿಡಂಗಿಲ್ಲ. ಅದಕ್ಕ "ತೂಕ ನಿರ್ವಹಣೆಗೆ ಸಹಾಯಕ" ಅಂತ ಬರೀತಾರ. ಅಡ್ಡಗ್ವಾಡಿ ಮ್ಯಾಲೆ ದೀಪ ಇಟ್ಟಂಗ, ಈ ಕಡೀಗೂ ಬೆಳಕು, ಆ ಕಡೀಗೂ ಬೆಳಕು. ಬರದದ್ದು ಸಹಾಯಕ, ಬಾಯಿಲೆ ಹೇಳೂದು "ತಿಂಗಳಿಗೆ ಐದು ಕಿಲೋ ಗ್ಯಾರಂಟಿ". ಬಾಯಿ ಮಾತಿಗೆ ಸಾಕ್ಷಿ ಇಲ್ಲ.

ಸಿರಸಿ ಉಪ್ಪಾಗೆ ಅಮೆರಿಕಾಕ್ಕ ಹೋಗಿ ಬಂದ ಕತಿ

ನಿಮ್ಮಾಗ ಯಾರಿಗರ ಸಿರಸಿ, ಸಿದ್ದಾಪುರದ ಕಡೆ ಬೀಗರಿದ್ರ ಉಪ್ಪಾಗೆ ಗೊತ್ತಿರ್ತೈತಿ. ಘಟ್ಟದ ಕಾಡಿನ ಹುಳಿ ಹಣ್ಣು. ಮಳಿಗಾಲದಾಗ ಹಣ್ಣಾಗ್ತೈತಿ, ಸಿಪ್ಪಿ ಬಿಡಿಸಿ ಬೆಂಕಿ ಮ್ಯಾಲೆ ಒಣಗಸ್ತಾರ, ಕರ್ರಗಾಗ್ತೈತಿ. ಹುಣಸಿಹಣ್ಣಿನ ಬದಲಿ ಸಾರಿಗೆ ಹಾಕ್ತಾರ, ಬೀಜದಿಂದ ತುಪ್ಪಾ ತಗೀತಾರ. ಅಷ್ಟ ಇತ್ತು ಅದರ ಸಂಸಾರ.

1990ರ ದಶಕದಾಗ ಪರದೇಶದವರು ಅದರ ಸಿಪ್ಪಿಯೊಳಗಿನ ಒಂದು ಹುಳಿ ಬೊಜ್ಜು ಕರಗಸ್ತೈತಿ ಅಂತ ಗುಲ್ಲೆಬ್ಬಿಸಿದ್ರು. ಸಿಪ್ಪಿಗೆ ಬಂಗಾರದಂಥಾ ರೇಟು ಬಂತು. ಮಂದಿ ಕಾಡಿಗೆ ಬಿದ್ರು. ಹಣ್ಣಾಗೂ ತನಕ ತಡೀಲಿಲ್ಲ, ಕಾಯೀನ ಹರಿದ್ರು, ಟೊಂಗಿ ಕಡದ್ರು, ಒಣಗಸಾಕ ಕಟ್ಟಿಗಿ ಉರಿಸಿ ಉರಿಸಿ ಕಾಡಿಗೆ ದೊಡ್ಡ ಪೆಟ್ಟು ಬಿತ್ತು. ಇಲ್ಲಿಂದ ಹೋದ ಉಪ್ಪಾಗೆ ಅಲ್ಲಿ "ಗಾರ್ಸಿನಿಯಾ ಕಂಬೋಜಿಯಾ" ಅಂತ ಹೆಸರು ಬದಲಿ ಮಾಡ್ಕೊಂಡು ಗುಳಿಗಿ ಆತು. ಹಿತ್ತಲ ಗಿಡ ಮದ್ದಲ್ಲ ಅಂತ ಗಾದಿ ಐತೆಲ್ಲಾ, ಅಮೆರಿಕಾಕ್ಕ ಹೋಗಿ ಬಂದ್ರ ಅದ ಗಿಡ ಮದ್ದಾಗ್ತೈತಿ ನೋಡ್ರಿ.

ಮದ್ದು ಹೌದೋ ಅಲ್ಲೋ ಅಂತ ಅಲ್ಲಿಯ ಡಾಕ್ಟರ್ರು ಪರೀಕ್ಷಾ ಮಾಡಿದ್ರು. 135 ಮಂದಿ ದಪ್ಪ ಇದ್ದವರನ್ನ ತಗೊಂಡು ಎರಡು ಗುಂಪು ಮಾಡಿದ್ರು. ಒಂದು ಗುಂಪಿಗೆ ಉಪ್ಪಾಗೆ ಸತ್ವದ ಗುಳಿಗಿ, ಇನ್ನೊಂದು ಗುಂಪಿಗೆ ನೋಡಾಕ ಅಂಥಾದ್ದ ಖಾಲಿ ಗುಳಿಗಿ. ಎಲ್ಲಾರಿಗೂ ಒಂದ ನಮೂನಿ ಹಿಡಿತದ ಊಟ. 12 ವಾರ ಆದಮ್ಯಾಲೆ ತೂಗಿದ್ರು. ಉಪ್ಪಾಗೆ ತಗೊಂಡವರು ಸರಾಸರಿ 3.2 ಕಿಲೋ ಇಳಿದಿದ್ರು. ಖಾಲಿ ಗುಳಿಗಿ ನುಂಗಿದವರು 4.1 ಕಿಲೋ! ಇಷ್ಟು ಸಣ್ಣ ಫರಕು ಲೆಕ್ಕಕ್ಕ ಬರಂಗಿಲ್ಲ, ಎರಡೂ ಒಂದ ಅಂತ ಬರದ್ರು. ಅಂದ್ರ ಇಳಿಸಿದ್ದು ಊಟದ ಹಿಡಿತ, ಗುಳಿಗಿ ಅಲ್ಲ. ಇದು 1998ರಾಗ ದೊಡ್ಡ ವೈದ್ಯಕೀಯ ಪತ್ರಿಕಾದಾಗ ಅಚ್ಚಾಗಿ ಬಂದೈತಿ. ಆಮ್ಯಾಲೆ ಅಮೆರಿಕಾದ ಯಕೃತ್ತಿನ ಡಾಕ್ಟರ್ರು ಇದ ಗಾರ್ಸಿನಿಯಾ ಇದ್ದ ಪದಾರ್ಥ ತಗೊಂಡು ಯಕೃತ್ತಿಗೆ ಪೆಟ್ಟಾದ 22 ಮಂದಿ ವಿವರಾ 2022ರಾಗ ಬರದ್ರು.

ಇಷ್ಟೆಲ್ಲಾ ಗೊತ್ತಾಗಿ ವರ್ಷಾನುಗಟ್ಟಲೆ ಆತು. ಡಬ್ಬಿ ಇನ್ನೂ ಮಾರಾಟಕ್ಕ ಐತಿ. ಔಷಧ ಆಗಿದ್ರ ಕೆಲಸಾ ಮಾಡಂಗಿಲ್ಲ ಅಂದಮ್ಯಾಲೆ ಪರವಾನಗಿ ಸಿಗತಿತ್ತೇನು? ಆಹಾರ ನೋಡ್ರಿ, ಯಾರು ಕೇಳ್ತಾರ.

ಡಬ್ಬಿಯೊಳಗ ಕಳ್ಳ ಕುಂತಿರ್ತಾನ

ಕೆಲಸಾ ಮಾಡದ ಡಬ್ಬಿ ರೊಕ್ಕಾ ತಿಂತೈತಿ ಅಷ್ಟ. ಕೆಲಸಾ ಮಾಡೂ ಡಬ್ಬಿಗೆ ನಾನು ಇನ್ನೂ ಹೆಚ್ಚ ಅಂಜತೇನಿ. ಯಾಕಂದ್ರ ಗಿಡಮೂಲಿಕಿ ಅಂತ ಬರದು ಒಳಗ ಔಷಧ ಬೆರಸೂದು ಜಗತ್ತಿನ ತುಂಬ ನಡದೈತಿ. ಸಿಬುಟ್ರಮೈನ್ ಅಂತ ಒಂದು ಗುಳಿಗಿ ಇತ್ತು. ಮೊದಲ ಡಾಕ್ಟರ್ರು ಚೀಟಿ ಬರದು ಕೊಡತಿದ್ರು. ಎದಿ ಬಡಿತ, ಬಿ.ಪಿ. ಏರಸ್ತೈತಿ, ಹೃದಯದ ತ್ರಾಸಿದ್ದವರಿಗೆ ಹೃದಯಾಘಾತ, ಪಾರ್ಶ್ವವಾಯುದ ಅಪಾಯ ಹೆಚ್ಚು ಮಾಡ್ತೈತಿ ಅಂತ ಗೊತ್ತಾಗಿ 2010ರಾಗ ಯುರೋಪು, ಅಮೆರಿಕಾದಾಗ ನಿಲ್ಲಿಸಿದ್ರು. ನಮ್ಮ ಸರ್ಕಾರನೂ 2011ರ ಫೆಬ್ರುವರಿಯೊಳಗ ಬಂದ್ ಮಾಡ್ತು.

ಬಂದ್ ಆದದ್ದು ಎಲ್ಲಿ ಹೋತು? ಡಬ್ಬಿಯೊಳಗ ಹೋಗಿ ಕುಂತಿತು. ಅಮೆರಿಕಾ ಸರ್ಕಾರ 2007ರಿಂದ 2016ರ ತನಕ ಹಿಡದ ಕಲಬೆರಕಿ ಪೂರಕಗಳ ಲೆಕ್ಕ ನೋಡಿದ್ರ ಒಟ್ಟು 776. ಅದರಾಗ 317 ತೂಕ ಇಳಸೂವು. ಆ 317ರಾಗ 269ರೊಳಗ ಸಿಬುಟ್ರಮೈನ್! ಹೆಸರಿಗೆ ಮಾತ್ರ ಬೇರು, ಎಲಿ, ಹೂವು. ಅಲ್ಲಿ ಪ್ರಯೋಗಾಲಯ ಅದಾವು, ಹುಡುಕಿದ್ರು, ಸಿಕ್ತು. ನಮ್ಮಲ್ಲಿ ಎಷ್ಟು ಡಬ್ಬಿ ಒಡದು ನೋಡ್ತಾರ, ನೋಡಿದ್ದನ್ನ ನಮಗ ಯಾರು ಹೇಳ್ತಾರ?

ಮತ್ತೊಂದು ಆಟ ಚಹಾದ್ದು. "ಸ್ಲಿಮ್ಮಿಂಗ್ ಟೀ" ಅನ್ನೂ ಭಾಳಷ್ಟರಾಗ ಸೋನಾಮುಖಿ ಇರ್ತೈತಿ. ನಮ್ಮ ಅಜ್ಜಿ ಮಲಬದ್ಧತಿಗೆ ಒಂದು ರಾತ್ರಿ ಕೊಡತಿದ್ಲಲ್ಲಾ, ಅದ. ದಿನಾ ಕುಡದ್ರ ಹೊಟ್ಟಿ ಝಾಡಿಸಿ ನೀರು ಹೋಗ್ತೈತಿ, ತೂಕದ ಮುಳ್ಳು ಇಳೀತೈತಿ, ಮೈಯೊಳಗಿನ ಕೊಬ್ಬು ಇದ್ದಲ್ಲೇ ಇರ್ತೈತಿ. ನೀರಿನ ಜೋಡಿ ಮೈಗೆ ಬೇಕಾದ ಲವಣಾನೂ ಹೋಗ್ತಾವ. ಪೊಟ್ಯಾಸಿಯಮ್ ಕಡಿಮಿ ಆದ್ರ ಕೈಕಾಲು ಸೋಲ್ತಾವ, ಎದಿ ಬಡಿತ ತಪ್ತೈತಿ. ಎರಡು ಕಿಲೋ ಇಳದ್ಯಾ ಅಂತ ಖುಷಿ ಪಡೂದು ಹಂಡೇದಾಗಿನ ನೀರು ಚೆಲ್ಲಿ ಹಂಡೆ ಹಗುರಾತು ಅಂದಂಗ.

ನಮ್ಮ ಮನಿ ಮಾತು

ನನಗ ಇಷ್ಟು ಸಿಟ್ಟು ಯಾಕಂದ್ರ ನಮ್ಮ ತಂಗಿ ಸೊಸಿ. ಹಡದು ಏಳು ತಿಂಗಳಾಗಿತ್ತು, ಕೂಸು ಇನ್ನೂ ಹಾಲು ಕುಡೀತಿತ್ತು. ಪರಿಚಯದ ಬಾಯಾರೊಬ್ಬರು ಗುಳಿಗಿ ಡಬ್ಬಿ, ಪುಡಿ ಡಬ್ಬಿ ಕೂಡೆ 4,200 ರೂಪಾಯಿಗೆ ಕೊಟ್ರು. ಬಾಣಂತಿ ಅಂತ ಗೊತ್ತಿದ್ದೂ ಕೊಟ್ರು. "ಪೂರಾ ಗಿಡಮೂಲಿಕಿ, ಕೂಸಿಗೂ ಛಲೋ" ಅಂದ್ರು. ಮೂರು ವಾರದಾಗ ಹುಡುಗಿಗೆ ನಿದ್ದಿ ಹೋತು, ಕೈ ನಡಗಾಕ ಹತ್ತಿದ್ವು, ಎದಿ ಡಬಡಬ. ಮಾರಿದವರಿಗೆ ಫೋನ್ ಮಾಡಿದ್ರ "ಒಳಗಿನ ವಿಷಾ ಹೊರಗ ಬೀಳಾಕತ್ತೈತಿ, ನಿಲ್ಲಸಬ್ಯಾಡ್ರಿ" ಅಂದ್ರು. ದವಾಖಾನಿಗೆ ಒಯ್ದಾಗ ಬಿ.ಪಿ. 160.

ಡಾಕ್ಟರ್ ಬಾಯಾರು ಡಬ್ಬಿ ಓದಿದ್ರು. ಹನ್ನೊಂದು ಗಿಡದ ಹೆಸರು, ಯಾವುದು ಎಷ್ಟು ಅಂತ ಇಲ್ಲ. "ಇದರಾಗ ಏನೈತಿ ಅಂತ ನನಗ ಗೊತ್ತಾದ್ರ ಅಲ್ಲೇನ್ರಿ ಉಪಾಯ ಮಾಡೂದು? ಮೊದಲ ನಿಲ್ಲಸ್ರಿ" ಅಂದ್ರು. ನಿಲ್ಲಿಸಿದ್ರು. ಎರಡು ವಾರದಾಗ ಸುಧಾರಿಸಿದ್ಲು. ಆ ದಿನಗಳಾಗ ಕೂಸಿಗೆ ಎದಿಹಾಲು ಬಿಡಿಸಿ ಬಾಟ್ಲಿ ಕೊಟ್ರು, ಅದು ರಾತ್ರಿಯೆಲ್ಲಾ ಅಳತಿತ್ತು.

ತಪ್ಪು ಯಾರದು ಅಂತ ಕೇಳಾಕ ಹೋದ್ರ ಬಿಲ್ಲ ಇಲ್ಲ. ಕೊಟ್ಟವರು "ನಾನೂ ತಗೊಂಡೇನಿ, ನನಗ ಏನೂ ಆಗಿಲ್ಲ" ಅಂದ್ರು. ಕಂಪನಿಯವರು ಆರ್ಡರ್ ನಂಬರ್ ಕೇಳಿದ್ರು. ಆರ್ಡರ್ ನಮ್ಮ ಹೆಸರಿಲೆ ಇರಲೇ ಇಲ್ಲ. ಔಷಧ ಅಂಗಡಿಯಿಂದ ಚೀಟಿ ತೋರಿಸಿ ತಂದಿದ್ರ ಬರದ ಡಾಕ್ಟರ್ ಒಬ್ಬರು, ಮಾರಿದ ಅಂಗಡಿ ಒಂದು, ಬ್ಯಾಚ್ ನಂಬರ್ ಒಂದು, ಕೈಯಾಗ ಬಿಲ್ಲ ಒಂದು ಇರತಿತ್ತು. ಚೀಟಿ ಅಂದ್ರ ಬರೇ ಕಾಗದಲ್ಲ ಅಕ್ಕಾರ, ನಾಳೆ ಹೆಚ್ಚುಕಡಿಮಿ ಆದ್ರ ಉತ್ತರಾ ಕೊಡೂ ಮನಶ್ಯಾನ ಹೆಸರು.

ಅಲ್ಲಗಳೆಯವರಿಗೆ

"ಮನ್ಯಾಗ ಕುಂತ ಹೆಣಮಕ್ಕಳು ನಾಕು ರೂಪಾಯಿ ದುಡೀತಾರ, ನಿನಗ್ಯಾಕ ಹೊಟ್ಟಿಕಿಚ್ಚು?" ಅಂತ ಕೇಳೂರದಾರ. ದುಡೀಲಿ, ಸಂತೋಷ. ರೊಟ್ಟಿ ಮಾರಿ, ಶೇಂಗಾ ಚಟ್ನಿ ಮಾರಿ, ಕಸೂತಿ ಹಾಕಿ ಮನಿ ನಡಿಸಿದವರನ್ನ ನಾ ಕಂಡೇನಿ, ಅವರಿಗೆ ಕೈ ಮುಗೀತೇನಿ. ಆದ್ರ ಈ ಡಬ್ಬಿ ವ್ಯಾಪಾರದಾಗ ಕಂಪನಿ ಬಂಡವಾಳ ಏನು? ನಿಮ್ಮ ಗೆಳೆತನ, ನಿಮ್ಮ ಬೀಗತನ, ನಿಮ್ಮ ಓಣಿಯೊಳಗ ನಿಮಗಿರೂ ಹೆಸರು. ಲಾಭ ಅವರು ತಗೀತಾರ, ಹೆಸರು ನಿಮ್ಮದು ಕೆಡತೈತಿ. ಮಾರಾಟ ಆಗದ ಡಬ್ಬಿ ಮಂಚದ ಕೆಳಗ ಕುಂತು ದಿನಾ ಅಣಕಸ್ತಾವ. 2021ರ ಡಿಸೆಂಬರಿನ್ಯಾಗ ನೇರ ಮಾರಾಟದ ನಿಯಮಾ ಬಂದಾವ. ಗುರುತಿನ ಕಾರ್ಡ್ ಇಲ್ಲದ, ಮೊದಲ ಕೇಳದ ಮಂದಿ ಮನಿಗೆ ಮಾರಾಕ ಹೋಗಬಾರದು, ಮಾರಾಟಗಾರರ ಮ್ಯಾಲಿನ ದೂರಿಗೆ ಕಂಪನೀನ ಜವಾಬ್ದಾರಿ ಅಂತ ಅದರಾಗ ಐತಿ. ಮಾರೂ ಅಕ್ಕಾರು ತಮ್ಮ ಕಂಪನಿಗೆ ಇದನ್ನ ತೋರಿಸಿ "ಹೆಚ್ಚುಕಡಿಮಿ ಆದ್ರ ನೀವು ಬರ್ತೀರೇನ್ರಿ?" ಅಂತ ಬರವಣಿಗಿಯೊಳಗ ಕೇಳ್ರಿ. ಉತ್ತರಾ ಬಂದ್ರ ನನಗೂ ತೋರಸ್ರಿ.

"ಗಿಡಮೂಲಿಕಿಗೆ ಸೈಡ್ ಎಫೆಕ್ಟ್ ಇಲ್ಲ" ಅಂತಾರ. ಧತ್ತೂರಿನೂ ಗಿಡಾನ, ಗುಲಗಂಜಿನೂ ಬಳ್ಳೀನ. ಮೈಗೆ ಏನೂ ಮಾಡದ್ದು ತೂಕನೂ ಇಳಸಂಗಿಲ್ಲ. ಏನರ ಮಾಡೂದು ಇದ್ರ, ಬ್ಯಾಡಾದ್ದನ್ನೂ ಮಾಡೂ ಶಕ್ತಿ ಅದಕ್ಕಿರ್ತೈತಿ. ಎರಡರಾಗ ಒಂದು ಮಾತು ಹೇಳ್ರಿ.

"ಎಲ್ಲಾಕ್ಕೂ ಡಾಕ್ಟರ್ ಅಂದ್ರ ಫೀ ಯಾರು ಕೊಡಬೇಕು?" ಇದು ಖರೇ ಮಾತು, ಇದಕ್ಕ ಬೆಲಿ ಕೊಡ್ತೇನಿ. ಆದ್ರ ನಾಕು ಸಾವಿರದ ಡಬ್ಬಿಗೆ ಇಲ್ಲದ ತ್ರಾಸು ಡಾಕ್ಟರ್ ಫೀಗೆ ಯಾಕ? ಕಿಮ್ಸ್‌ದಂಥಾ ಸರ್ಕಾರಿ ದವಾಖಾನಿಯೊಳಗ ಹೊರರೋಗಿ ಚೀಟಿಗೆ ಅಂಥಾ ದೊಡ್ಡ ರೊಕ್ಕಾ ಬ್ಯಾಡ. ತೂಕ ಏರಿದ್ದು ಥೈರಾಯ್ಡಿನಿಂದನೋ, ಬ್ಯಾರೆ ಗುಳಿಗಿಯಿಂದನೋ ಅಂತ ಡಾಕ್ಟರ್ ನೋಡ್ತಾರ, ಡಬ್ಬಿ ನೋಡಂಗಿಲ್ಲ.

"ತಿನ್ನವರಿಗೆ ಬುದ್ಧಿ ಇರಬೇಕು, ಕಾಯ್ದೆ ಏನ್ ಮಾಡ್ತೈತಿ?" ಖವಾ ಕೆಟ್ರ ಮೂಗಿಗೆ ಗೊತ್ತಾಗ್ತೈತಿ, ಹಿಟ್ಟಿನ್ಯಾಗ ಹುಳಾ ಬಿದ್ರ ಜರಡಿಗೆ ಗೊತ್ತಾಗ್ತೈತಿ. ಕ್ಯಾಪ್ಸೂಲಿನ್ಯಾಗ ಸಿಬುಟ್ರಮೈನ್ ಐತಿ ಅಂತ ಯಾವ ಹೆಣಮಗಳ ನಾಲಿಗಿಗೆ ಗೊತ್ತಾಗಬೇಕು? ಬುದ್ಧಿಗೆ ನಿಲುಕದ ಜಾಗಾದಾಗ ನಿಲ್ಲಾಕ ಅಂತನ ಕಾಯ್ದೆ ಇರೂದು.

ದಪ್ಪ ಆಗೂದು ಸಣ್ಣ ಮಾತು ಅಂತ ನಾನು ಅನ್ನಂಗಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷಾ ಪ್ರಕಾರ ಕರ್ನಾಟಕದ ಹೆಣಮಕ್ಕಳೊಳಗ ನೂರಕ್ಕ ಸುಮಾರು 30 ಮಂದಿ ತೂಕ ಹೆಚ್ಚಿದ್ದವರು. ಮೊಣಕಾಲು ಬ್ಯಾನಿ, ಶುಗರ್, ಬಿ.ಪಿ. ನಮ್ಮ ಮನಿ ಮನಿಯೊಳಗ ಅದಾವು. ಪರೀಕ್ಷಾ ಆಗಿ ಬಂದ ಔಷಧ ಇಲ್ಲಂತಲ್ಲ. ವಾರಕ್ಕೊಮ್ಮೆ ಚುಚ್ಚೂ ಹೊಸಾ ಇಂಜೆಕ್ಷನ್ 2025ರಾಗ ನಮ್ಮ ದೇಶಕ್ಕೂ ಬಂದಾವ, ಡಾಕ್ಟರ್ ಚೀಟಿ ಮ್ಯಾಲೆ. ಗುಣಾ ಏನು, ತ್ರಾಸು ಏನು ಅಂತ ಗೊತ್ತಿದ್ದದ್ದಕ್ಕ ಚೀಟಿ ಬೇಕು, ಏನೂ ಗೊತ್ತಿಲ್ಲದ್ದು ಚೀಟಿ ಇಲ್ಲದ ಸಿಗ್ತೈತಿ. ಇದ್ಯಾವ ನ್ಯಾಯ?

ಏನು ಆಗಬೇಕು

ಒಂದನೇದು, ತೂಕದ ಮಾತು ಎತ್ತಿ ಮಾರೂ ಪ್ರತಿ ಗುಳಿಗಿ, ಪುಡಿ, ಚಹಾ ಔಷಧ ಅಂತ ಎಣಿಕಿ ಆಗಬೇಕು. ಪರೀಕ್ಷಾ ಮೊದಲ, ಚೀಟಿ ಖಾಯಂ. ಎರಡನೇದು, ಎಚ್ಚರಿಕಿ ಕನ್ನಡದಾಗ, ದೊಡ್ಡ ಅಕ್ಷರದಾಗ, ಡಬ್ಬಿ ಮುಂದಿನ ಬಾಜೂ. ಬಾಣಂತಿ, ಬಸುರಿ, ಬಿ.ಪಿ. ಇದ್ದವರು ತಗೋಬಾರದು ಅನ್ನೂದು ಚಿತ್ರದ ಹುಡುಗಿಗಿಂತ ದೊಡ್ಡದಾಗಿ ಕಾಣಬೇಕು. ಮೂರನೇದು, ಜಿಲ್ಲಾದ ಆಹಾರ ಸುರಕ್ಷತಾ ಅಧಿಕಾರಿಗಳು ಬರೇ ಹಾಲು, ಎಣ್ಣಿ ಸ್ಯಾಂಪಲ್ ತಗೊಂಡ್ರ ಸಾಲದು, ಈ ಡಬ್ಬಿನೂ ತಗೋಬೇಕು, ನಪಾಸಾದ ಡಬ್ಬಿ ಹೆಸರು ಕನ್ನಡ ಪೇಪರಿನ್ಯಾಗ ಹಾಕಬೇಕು. ಸುಳ್ಳು ಜಾಹೀರಾತಿಗೆ ಆಹಾರ ಕಾಯ್ದೆಯೊಳಗ 10 ಲಕ್ಷದ ತನಕ ದಂಡ ಐತಿ. ಇದ್ದ ಕೋಲು ಮೂಲ್ಯಾಗ ಇಟ್ರ ಆಕಳಿಗೆ ಅಂಜಿಕಿ ಎಲ್ಲಿಂದ ಬರಬೇಕು?

ಅಲ್ಲೀ ತನಕ ನಾವು ಮಾಡೂದು: ಬಿಲ್ಲ ಇಲ್ಲದ ಏನೂ ತಗೋಬ್ಯಾಡ್ರಿ. ತಗೊಂಡಿದ್ರ ಡಬ್ಬಿ ಒಗೀಬ್ಯಾಡ್ರಿ, ಡಾಕ್ಟರ್ ಕಡೆ ಹೋಗುವಾಗ ಜೋಡಿ ಒಯ್ಯಿರಿ. ಮೋಸಾದ್ರ ಗ್ರಾಹಕರ ಸಹಾಯವಾಣಿ 1915ಕ್ಕ ಫೋನ್ ಮಾಡ್ರಿ, ಧಾರವಾಡದಾಗ ಜಿಲ್ಲಾ ಗ್ರಾಹಕರ ಆಯೋಗ ಐತಿ. ಗುಳಿಗಿಯಿಂದ ಮೈಗೆ ತ್ರಾಸಾದ್ರ ತಿಳಸಾಕ 1800-180-3024 ಅಂತ ಪುಕ್ಕಟೆ ನಂಬರ್ ಐತಿ. ಬರದು ಇಟ್ಕೋರಿ, ಕ್ಯಾಲೆಂಡರ್ ಮ್ಯಾಲೆ ಬರೀರಿ.

ಕಡೀದೊಂದು ಮಾತು ಸರ್ಕಾರಕ್ಕಲ್ಲ, ನಮಗ. ಈ ಡಬ್ಬಿ ಯಾವ ಕಾರ್ಖಾನಿಯೊಳಗರ ತಯಾರಾಗಲಿ, ಅದಕ್ಕ ಗಿರಾಕಿ ತಯಾರಾಗೂದು ನಮ್ಮ ಪಡಸಾಲ್ಯಾಗ. ಜವಳದಾಗ, ಸೀಮಂತದಾಗ, ಕನ್ಯಾ ನೋಡೂ ಹೊತ್ತಿನ್ಯಾಗ "ಹುಡುಗಿ ಛಲೋ ಅದಾಳ, ಸ್ವಲ್ಪ ದಪ್ಪ" ಅಂತ ಒಂದು ಮಾತು ಬೀಳ್ತೈತಿ. ಅಂದವರು ಊಟಾ ಮಾಡಿ, ಎಲಿ ಅಡಕಿ ಹಾಕ್ಕೊಂಡು ಮರತ ಬಿಡ್ತಾರ. ಕೇಳಿಸ್ಕೊಂಡ ಹುಡುಗಿ ರಾತ್ರಿ ಮೊಬೈಲ್ ತಗೊಂಡು ಡಬ್ಬಿ ಹುಡಕ್ತಾಳ. ಕಾಯ್ದೆ ಬರಾಕ ವರ್ಷ ಹಿಡೀಬಹುದು. ಆ ಒಂದು ಮಾತು ನಿಲ್ಲಸಾಕ ಯಾವ ಅಧಿಕಾರಿ ಸಹಿನೂ ಬ್ಯಾಡ.